ಅಂಚೆ ಡಬ್ಬದ ಮೇಲಿನ ಹೆಸರು: ಗಂಡನ ದೇಶಕ್ಕೆ ಹೋಗಿ ನೆಲೆಸಿದ ಒಬ್ಬಾಕೆಯ ಪ್ರಕರಣ

ನಾನು ಜರ್ಮನಿಗೆ ಬಂದು ಹದಿನಾರು ವರ್ಷವಾಯಿತು. ಹೊಸದಾಗಿ ಬಂದ ನಮ್ಮವರ ಜೊತೆ ಕಚೇರಿಗೆ ಹೋಗುವುದು, ಫಾರಂ ತುಂಬಿಕೊಡುವುದು, ಬಂದ ಪತ್ರ ಓದಿ ಹೇಳುವುದು ನನ್ನ ಬಿಡುವಿನ ಕೆಲಸ. ಗಂಡನ ಅಥವಾ ಹೆಂಡತಿಯ ದೇಶಕ್ಕೆ ಬಂದು ನೆಲೆಸುವವರನ್ನು ಹೀಗೆ ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಒಬ್ಬಾಕೆಯ ಕಥೆ ಇದು. ಬರೆಯುವುದಕ್ಕೆ ಆಕೆಯೂ ಗಂಡನೂ ಒಪ್ಪಿದ್ದಾರೆ, ಓದಿಯೂ ನೋಡಿದ್ದಾರೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಯಾವ ತೀರ್ಮಾನ ಯಾವಾಗ, ಯಾಕೆ ಆಯಿತು ಎಂಬುದು ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಆಕೆ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದವಳು. ಬಿಎಸ್ಸಿ, ಬಿಎಡ್ ಮುಗಿಸಿ ಬೆಂಗಳೂರಿನ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದ್ದಳು. ಆತ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಸಣ್ಣ ಊರಿನವನು, ಎಂಜಿನಿಯರ್. ಕಂಪನಿ ಕೆಲಸದ ಮೇಲೆ ಬೆಂಗಳೂರಿಗೆ ಬಂದವನು ಅಲ್ಲೇ ಮೂರು ವರ್ಷ ಉಳಿದ. 2021ರಲ್ಲಿ ಇಬ್ಬರೂ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ, ಮೂವತ್ತು ದಿನದ ನೋಟಿಸ್ ಕಾದು, ರಿಜಿಸ್ಟರ್ ಮದುವೆಯಾದರು.

ಬೆಂಗಳೂರಿನಲ್ಲಿ ಮನೆಯ ಹೊರಗಿನ ವ್ಯವಹಾರವೆಲ್ಲ ಆಕೆಯದೇ. ಮನೆ ಓನರ್ ಹತ್ತಿರ ಮಾತು, ಗ್ಯಾಸ್, ಆಟೋ, ಆಸ್ಪತ್ರೆ, ಎಲ್ಲ. ಆದರೆ ಆಕೆ ಟೀಚರ್ ಅಲ್ವಾ, ಗಂಡನನ್ನು ಹಾಗೇ ಬಿಡಲಿಲ್ಲ. ಮೂರನೇ ತಿಂಗಳಿಗೇ ಚೀಲ ಕೈಗೆ ಕೊಟ್ಟು ತರಕಾರಿ ಗಾಡಿಗೆ ಒಬ್ಬನನ್ನೇ ಕಳಿಸಿದಳು. "ನೀನೇ ಹೋಗಿ ಬಾ. ಮೋಸ ಹೋದರೂ ಹತ್ತು ರೂಪಾಯಿ ತಾನೇ" ಅಂದಳಂತೆ. ಆತ "ಎಷ್ಟು?" "ಜಾಸ್ತಿ ಆಯ್ತು" ಎಂಬ ಎರಡು ಮಾತಿನಲ್ಲಿ ಶುರು ಮಾಡಿ, ವರ್ಷದೊಳಗೆ ಗಾಡಿಯವನ ಮಕ್ಕಳ ಓದಿನ ಬಗ್ಗೆ ವಿಚಾರಿಸುವಷ್ಟು ಕನ್ನಡ ಕಲಿತ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

2021ರ ಕೊನೆಗೆ ಆತನ ತಂದೆಗೆ ಸ್ಟ್ರೋಕ್ ಆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ತಾಯಿ ಒಬ್ಬರೇ. ಒಂದೇ ವಾರದಲ್ಲಿ ತೀರ್ಮಾನವಾಯಿತು: ಜರ್ಮನಿಗೆ ಹೋಗುವುದು. ಆಕೆಯೇ ಮೊದಲು "ಹೋಗೋಣ" ಅಂದದ್ದು. ಯಾರೂ ಬಲವಂತ ಮಾಡಿರಲಿಲ್ಲ. ಆದರೆ ಎಷ್ಟು ಕಾಲಕ್ಕೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಮಾವ ಹುಷಾರಾಗುವವರೆಗೆ ಎಂದು ಆಕೆ ಅಂದುಕೊಂಡಳು. ಇನ್ನು ಅಲ್ಲೇ ಎಂದು ಆತ ಅಂದುಕೊಂಡ. ಇದು ಗೊತ್ತಾಗಿದ್ದು ಒಂದೂಕಾಲು ವರ್ಷದ ಮೇಲೆ.

ಕಾಗದದ ಏಳು ತಿಂಗಳು

ಜರ್ಮನ್ ಪ್ರಜೆಯ ಹೆಂಡತಿಯಾಗಿ ವೀಸಾ ಪಡೆಯಲು ಸಾಮಾನ್ಯವಾಗಿ ಎ1, ಅಂದರೆ ತೀರಾ ಆರಂಭದ ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಿರಬೇಕು. ನೂರಕ್ಕೆ ಅರವತ್ತು ಬಂದರೆ ಪಾಸ್. ಬೆಂಗಳೂರಿನ ಗೋಯ್ಥೆ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಸುಲಭವಾಗಿ ಪಾಸಾದಳು. ಸಮಯ ತಿಂದಿದ್ದು ದಾಖಲೆ ಪರಿಶೀಲನೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲಿ ಎಂದು ಸರ್ಕಾರ ಹಾಕಿಕೊಡುವ ದೃಢೀಕರಣದ ಮುದ್ರೆಗೆ ಅಪೊಸ್ಟಿಲ್ ಎನ್ನುತ್ತಾರೆ. ಭಾರತ 2005ರಲ್ಲೇ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದೆ. ಆದರೆ ಜರ್ಮನಿ ಅದಕ್ಕೆ ಆಕ್ಷೇಪ ಹೇಳಿತ್ತು. ಹಾಗಾಗಿ ಆಕೆ ಅರ್ಜಿ ಹಾಕಿದಾಗ ನಮ್ಮ ಮದುವೆ ಪತ್ರದ ಮೇಲಿನ ಅಪೊಸ್ಟಿಲ್ ಜರ್ಮನಿಯಲ್ಲಿ ನಡೆಯುತ್ತಿರಲಿಲ್ಲ. ದಾಖಲೆ ನಿಜವೇ ಎಂದು ಅವರದೇ ಏರ್ಪಾಡಿನಲ್ಲಿ, ಸ್ಥಳೀಯ ವಕೀಲರ ಮೂಲಕ ವಿಚಾರಣೆ ಮಾಡಿಸುತ್ತಿದ್ದರು. ಆಕೆ ಆಗಲೇ ಅಪೊಸ್ಟಿಲ್‌ಗೆ ದುಡ್ಡು ಕೊಟ್ಟಾಗಿತ್ತು. ಆ ದುಡ್ಡು ಸುಮ್ನೆ ಹೋಯಿತು.

ಇಲ್ಲಿ ಒಂದು ತಪ್ಪಾಯಿತು. ಶಾಲೆಯ ವರ್ಷ ಮುಗಿಯುತ್ತದೆ, ಮಕ್ಕಳಿಗೆ ನಡುವೆ ತೊಂದರೆಯಾಗಬಾರದು ಎಂದು 2022ರ ಮಾರ್ಚ್‌ನಲ್ಲೇ ಕೆಲಸ ಬಿಟ್ಟಳು. ವೀಸಾ ಬಂದದ್ದು ಸೆಪ್ಟೆಂಬರ್‌ನಲ್ಲಿ. ಗಂಡ ಫೆಬ್ರವರಿಯಲ್ಲೇ ಹೊರಟುಹೋಗಿದ್ದ. ಏಳು ತಿಂಗಳು ಸಂಬಳವಿಲ್ಲದೆ ಅಮ್ಮನ ಮನೆಯಲ್ಲಿ ಕಾದಳು. ಮೊದಲ ಸಲ ಗಂಡನ ಹತ್ತಿರ ಖರ್ಚಿಗೆ ಕೇಳಬೇಕಾಗಿ ಬಂದದ್ದು ಆಗ. ವಿಮಾನ ಹತ್ತುವ ಮೊದಲೇ ಆಕೆಯ ಕೈ ಖಾಲಿಯಾಗಿತ್ತು. ಈಗ ನನ್ನನ್ನು ಕೇಳಿದವರಿಗೆಲ್ಲ ಹೇಳುತ್ತೇನೆ: ವೀಸಾ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.

ಸಮಸ್ಯೆ

2022ರ ಅಕ್ಟೋಬರ್‌ನಲ್ಲಿ ಬಂದಳು. ಮನೆ ಎರಡು ಮಹಡಿಯದು. ಕೆಳಗೆ ಅತ್ತೆ ಮಾವ, ಮೇಲೆ ಇವರಿಬ್ಬರು. ಊರು ಚಿಕ್ಕದು, ಗಂಟೆಗೊಂದು ಬಸ್ಸು, ಸಂಜೆ ಏಳಕ್ಕೆ ಕೊನೆಯದು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು.

ಮೊದಲ ಕೆಲಸಗಳನ್ನು ಗಂಡ ಚಕಚಕನೆ ಮಾಡಿದ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಮಾಡಿಸಿದ. ಆರೋಗ್ಯ ವಿಮೆಯಲ್ಲಿ ಹೆಂಡತಿಯ ಹೆಸರು ಸೇರಿಸಿದ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿಗೆ ಬೇರೆ ಕಂತು ಕಟ್ಟಬೇಕಾಗಿಲ್ಲ. ನವೆಂಬರ್‌ನಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಿದ. ಫೋನು ಅವನೇ ಮಾಡಿದ, ಫಾರಂ ಅವನೇ ತುಂಬಿದ, ಅವಳು ಸಹಿ ಹಾಕಿದಳು. ಅದು ಅವನ ಪ್ರೀತಿ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಆದರೆ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ಜರ್ಮನಿಯಲ್ಲಿ ಅಂಚೆಯವರು ಡಬ್ಬದ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ವಿಳಾಸ ಸರಿ ಇದ್ದು ಹೆಸರು ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಈ ಮನೆಯ ಡಬ್ಬದ ಮೇಲೆ ಹಿತ್ತಾಳೆ ಫಲಕದಲ್ಲಿ ಗಂಡನ ಮನೆತನದ ಹೆಸರು ಕೆತ್ತಿದೆ. ಆಕೆ ಮದುವೆಯ ನಂತರ ಹೆಸರು ಬದಲಿಸಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಇದ್ದದ್ದು ಅಪ್ಪನ ಹೆಸರು. ನಮ್ಮಲ್ಲಿ ಬಹಳ ಜನರದ್ದು ಹಾಗೇ ತಾನೇ. ಡಿಸೆಂಬರ್‌ನಲ್ಲಿ ವಿದೇಶಿಯರ ಕಚೇರಿ ಆಕೆಯ ಹೆಸರಿಗೆ ಅಪಾಯಿಂಟ್‌ಮೆಂಟಿನ ಪತ್ರ ಕಳಿಸಿತು. ಅಂಥ ಹೆಸರಿನವರು ಈ ವಿಳಾಸದಲ್ಲಿ ಇಲ್ಲ ಎಂದು ಅದು ವಾಪಸಾಯಿತು.

ಜನವರಿ ಮಧ್ಯದಲ್ಲಿ, ವೀಸಾದ ತೊಂಬತ್ತು ದಿನ ಮುಗಿದ ಮೇಲೆ, ಗಂಡ ಫೋನ್ ಮಾಡಿ ವಿಚಾರಿಸಿದಾಗ ಇದು ಗೊತ್ತಾಯಿತು. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ದೇಶದಲ್ಲಿರುವುದಕ್ಕೆ ತೊಂದರೆಯಿರಲಿಲ್ಲ. ಆದರೆ ಅದನ್ನು ಹೇಳುವ ತಾತ್ಕಾಲಿಕ ಪತ್ರ ಕೈಯಲ್ಲಿರಲಿಲ್ಲ. ಅದಿಲ್ಲದೆ ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಕಷ್ಟ. ಹೊಸ ದಿನ ಸಿಕ್ಕಿದ್ದು ಫೆಬ್ರವರಿ ಕೊನೆಗೆ. ಆಕೆಯ ತಮ್ಮನ ಮದುವೆ ಫೆಬ್ರವರಿ ಮೊದಲ ವಾರ. ಧಾರೆಯನ್ನು ಆಕೆ ಫೋನಿನಲ್ಲಿ ನೋಡಿದಳು. ಇಲ್ಲಿ ಬೆಳಗಿನ ಜಾವ ಐದು ಗಂಟೆ. ಅಲ್ಲಿ ಯಾರೋ ಫೋನು ಹಿಡಿದುಕೊಂಡಿದ್ದವರು ನಡುವೆ ಊಟಕ್ಕೆ ಹೋದರು. ಆಮೇಲೆ ಅರ್ಧ ಗಂಟೆ ಚಪ್ಪರದ ಬಟ್ಟೆ ಮಾತ್ರ ಕಾಣಿಸಿತಂತೆ. ಆದರೂ ಆಕೆ ಫೋನು ಇಡಲಿಲ್ಲ.

ಆಕೆ ನನ್ನ ಬಳಿ ಬಂದದ್ದು ಇದರ ನಂತರ. ಮೊದಲ ದಿನ ಆಡಿದ ಮಾತು ನನಗೆ ನೆನಪಿದೆ. "ಅಕ್ಕಾ, ನಂಗೆ ಯಾವ ಕಷ್ಟನೂ ಇಲ್ಲ. ಎಲ್ಲಾ ಇವನೇ ಮಾಡ್ತಾನೆ. ಅದಕ್ಕೇ ನಾನು ಯಾರೂ ಅಲ್ಲ ಅನ್ಸುತ್ತೆ." ಆಕೆಯ ಬ್ಯಾಂಕು, ಡಾಕ್ಟರು, ಕಚೇರಿ, ನೆರೆಮನೆ, ಎಲ್ಲದಕ್ಕೂ ದಾರಿ ಗಂಡನ ಮೂಲಕವೇ ಇತ್ತು. ಆತ ಕೆಲಸಕ್ಕೆ ಹೋದ ಮೇಲೆ ಬಾಗಿಲ ಬೆಲ್ ಆದರೆ ಆಕೆ ಉಸಿರು ಹಿಡಿದು ಕೂರುತ್ತಿದ್ದಳು.

ಅತ್ತೆಯ ಜೊತೆಗೂ ಒಂದು ಗಂಟು ಬಿದ್ದಿತ್ತು. ನಮ್ಮ ನೀನು, ನೀವು ಇದ್ದ ಹಾಗೆ ಜರ್ಮನ್‌ನಲ್ಲಿ "ಡು", "ಜೀ" ಇವೆ. ಅತ್ತೆ ಮೊದಲ ದಿನವೇ ಪ್ರೀತಿಯಿಂದ "ನನ್ನನ್ನು ಹೆಸರು ಹಿಡಿದು ಕರಿ, ಡು ಅನ್ನು" ಎಂದಿದ್ದರು. ಆಕೆಗೆ ನಾಲಿಗೆಯೇ ಹೊರಳಲಿಲ್ಲ. ಅರವತ್ತೆಂಟು ವರ್ಷದ ಅತ್ತೆಯನ್ನು ಹೆಸರು ಹಿಡಿದು ಕರೆಯುವುದೇ? "ಜೀ" ಅಂದರೆ ಅವರಿಗೆ ಬೇಸರ. ಹಾಗಾಗಿ ಏನೂ ಕರೆಯದೆ ಇರುವ ದಾರಿ ಹಿಡಿದಳು. ಎದುರಿಗೆ ಹೋಗಿ ನಿಂತು, ಅವರು ತಿರುಗಿ ನೋಡಿದ ಮೇಲೆ ಮಾತು ಶುರು ಮಾಡುವುದು. ಸೊಸೆಗೆ ತಾನು ಇಷ್ಟವಿಲ್ಲ ಎಂದು ಅತ್ತೆ ಐದು ತಿಂಗಳು ಕೊರಗಿದರು.

ಮಾಡಿ ನೋಡಿದ್ದು

ಗಂಡನೇ ಸಂಜೆ ಜರ್ಮನ್ ಹೇಳಿಕೊಡಲು ಕೂತ. ಎರಡು ವಾರದಲ್ಲಿ ನಿಂತಿತು. ಸಂಸಾರದ ಮಾತಿನ ನಡುವೆ ವ್ಯಾಕರಣ ತಿದ್ದಿಸಿಕೊಳ್ಳುವುದು ಯಾರಿಗೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆತ ಕಲಿಸುವ ಜರ್ಮನ್ ಮನೆಯಲ್ಲಿ ಯಾರೂ ಆಡುವುದಿಲ್ಲ. ಪುಸ್ತಕದಲ್ಲಿ "ಇಖ್ ಹಾಬೆ" ಎಂದಿದ್ದರೆ ಅತ್ತೆಯ ಬಾಯಲ್ಲಿ "ಇ ಹಾನ್". ಅದು ಸ್ವಾಬಿಯನ್ ಆಡುಮಾತು. ಪುಸ್ತಕದ ಕನ್ನಡ ಕಲಿತು ಉತ್ತರ ಕರ್ನಾಟಕದ ಹಳ್ಳಿಗೆ ಹೋಗಿ ಇಳಿದ ಹಾಗಾಗಿತ್ತು ಆಕೆಗೆ.

ಸರ್ಕಾರದ ಇಂಟಿಗ್ರೇಷನ್ ಕೋರ್ಸಿಗೆ ಹೆಸರು ಕೊಟ್ಟರು. ಒಟ್ಟು 700 ಪಾಠದ ಗಂಟೆ, ಅದರಲ್ಲಿ 600 ಭಾಷೆ, 100 ದೇಶದ ಕಾನೂನು, ಇತಿಹಾಸ. ಆ ಚಳಿಗಾಲದಲ್ಲಿ ಯುಕ್ರೇನ್ ಯುದ್ಧದಿಂದ ತಪ್ಪಿಸಿಕೊಂಡು ಬಂದವರು ತುಂಬಾ ಇದ್ದರು. ಏಪ್ರಿಲ್‌ವರೆಗೆ ಜಾಗವಿಲ್ಲ ಎಂದರು.

ಕಾಯುವ ಹೊತ್ತಿಗೆ ಊರಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಟ್ಯೂಷನ್ ಶುರು ಮಾಡಿದಳು. ಭಾರತದಲ್ಲಿ ಸಂಜೆ ಆರು ಅಂದರೆ ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಒಂದೂವರೆ. ಸಮಯ ಹೊಂದುತ್ತಿತ್ತು. ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ: ಜರ್ಮನಿಯಲ್ಲಿ ಕೂತು ಮಾಡಿದ ಕೆಲಸದ ದುಡ್ಡು ಭಾರತದ ಖಾತೆಗೆ ಬಂದರೂ ಇಲ್ಲಿನ ತೆರಿಗೆ ಕಚೇರಿಗೆ ತಿಳಿಸಬೇಕು, ಶುರು ಮಾಡಿದ ಒಂದು ತಿಂಗಳೊಳಗೆ. ಗಂಡನ ವಿಮೆಯಲ್ಲಿ ಉಳಿಯಲು ಸಂಪಾದನೆಗೆ ಮಿತಿಯೂ ಇದೆ, 2023ರಲ್ಲಿ ಅದು ತಿಂಗಳಿಗೆ 485 ಯೂರೋ. ಆಕೆ ಇದನ್ನೆಲ್ಲ ಸರಿಯಾಗಿ ಮಾಡಿದಳು. ಟ್ಯೂಷನ್ ಆಕೆಗೆ ಜೀವ ಕೊಟ್ಟಿತು, ಕೈಗೆ ಸ್ವಲ್ಪ ದುಡ್ಡೂ ಬಂತು. ಆದರೆ ದಿನವಿಡೀ ಕನ್ನಡ, ಇಂಗ್ಲಿಷ್. ಕೋಣೆ ಬಿಟ್ಟು ಹೊರಗೆ ಬರುವ ಕಾರಣವೇ ಇಲ್ಲವಾಯಿತು. ಅವಳೇ ಅದನ್ನು ಗಮನಿಸಿ, ಆಮೇಲೆ ಮಕ್ಕಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದಳು.

ಯುಗಾದಿಗೆ ಸ್ಟುಟ್‌ಗಾರ್ಟ್ ಕಡೆಯ ಕನ್ನಡದವರ ಊಟಕ್ಕೆ ಕರೆದುಕೊಂಡು ಹೋದೆ. ಒಂದು ದಿನ ನಕ್ಕಳು. ವಾಪಸ್ ಬರುವಾಗ ರೈಲಿನಲ್ಲಿ ಅತ್ತಳು. ಅಲ್ಲಿದ್ದ ಬಹುಪಾಲು ಜೋಡಿಗಳಲ್ಲಿ ಇಬ್ಬರೂ ಹೊರಗಿನವರು. ಇಬ್ಬರಿಗೂ ಜರ್ಮನಿ ಹೊಸದು, ಇಬ್ಬರೂ ಜೊತೆಗೇ ತಡವರಿಸುತ್ತಾರೆ. ಈಕೆಯ ಮನೆಯಲ್ಲಿ ತಡವರಿಸುವವಳು ಒಬ್ಬಳೇ. ಗಂಡನ ತವರಿಗೆ ಬಂದವರಿಗೂ ಇಬ್ಬರೂ ಪರದೇಶಕ್ಕೆ ಬಂದವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅವತ್ತು ಅರ್ಥವಾಯಿತು.

ನಾನು ಕೊಟ್ಟ ಒಂದು ಸಲಹೆಯೂ ತಪ್ಪಾಗಿತ್ತು. "ಮೊದಲು ಭಾಷೆ ಪೂರ್ತಿ ಮುಗಿಸು, ಆಮೇಲೆ ಶಾಲೆ ಕೆಲಸದ ಯೋಚನೆ ಮಾಡು" ಎಂದಿದ್ದೆ. ಅದು ಏನಾಯಿತು ಎಂದು ಮುಂದೆ ಹೇಳುತ್ತೇನೆ.

ಇಷ್ಟರಲ್ಲಿ, ಯಾರೂ ಯೋಜನೆ ಮಾಡದ ಒಂದು ಕೆಲಸ ಕೆಳಗಿನ ಮಹಡಿಯಲ್ಲಿ ಶುರುವಾಗಿತ್ತು. ಮಾವನಿಗೆ ಮಾತಿನ ಚಿಕಿತ್ಸೆ ನಡೆಯುತ್ತಿತ್ತು. ಚಿಕಿತ್ಸಕಿ ಒಂದು ಕಟ್ಟು ಚಿತ್ರದ ಕಾರ್ಡು ಬಿಟ್ಟು ಹೋಗುತ್ತಿದ್ದರು, ದಿನಾ ಅಭ್ಯಾಸಕ್ಕೆ. ಒಂದು ಮಧ್ಯಾಹ್ನ ಅತ್ತೆ ಅಂಗಡಿಗೆ ಹೋದಾಗ ಈಕೆ ಮಾವನ ಎದುರು ಕೂತಳು. ಮೇಲಿನ ಕಾರ್ಡು ಚಮಚ. ಮಾವ ನೋಡಿದರು, ಬಾಯಿ ತೆರೆದರು, ಮುಚ್ಚಿದರು, ಎಡಗೈಯಲ್ಲಿ ತಿನ್ನುವ ಹಾಗೆ ಮಾಡಿ ತೋರಿಸಿದರು. ಈಕೆ "ಲೋಫೆಲ್" ಅಂದಳು. ಮಾವ ತಲೆಯಾಡಿಸಿದರು, ಅದಲ್ಲ ಎಂದು. ತುಟಿಯನ್ನು ದುಂಡಗೆ ಮುಂದೆ ಚಾಚಿ "ಲೆ..." ಎಂದು ಎಳೆದರು. "ಒ" ಅನ್ನುವಾಗಿನ ತುಟಿ ಇಟ್ಟುಕೊಂಡು "ಎ" ಅನ್ನಬೇಕು, ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಈಕೆ ಮಾವನ ತುಟಿ ನೋಡಿ ತನ್ನ ತುಟಿ ಸರಿ ಮಾಡಿಕೊಂಡಳು. ಸರಿಯಾಗಿ ಬಂದಾಗ ಮಾವ ಮೇಜು ಕುಟ್ಟಿದರು. ಆಮೇಲೆ, ಈಕೆ ಹೇಳಿದ್ದನ್ನು ಕೇಳಿ, ಅವರ ಬಾಯಿಂದಲೂ ಆ ಪದ ಹೊರಟಿತು.

ಅಂದಿನಿಂದ ದಿನಾ ಅರ್ಧ ಗಂಟೆ. ಆ ಮನೆಯಲ್ಲಿ ಈಕೆಗೆ ಅರ್ಥವಾಗುವಷ್ಟು ನಿಧಾನವಾಗಿ ಮಾತಾಡುತ್ತಿದ್ದವರು ಮಾವ ಒಬ್ಬರೇ. ಮಾವನ ಮಾತು ಮುಗಿಯುವವರೆಗೆ ಅವಸರ ಮಾಡದೆ ಕಾಯುತ್ತಿದ್ದವಳೂ ಈಕೆ ಒಬ್ಬಳೇ. ಉಳಿದವರು ಪ್ರೀತಿಯಿಂದಲೇ ಅವರ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು. ಒಂದು ದಿನ ಆಕೆ ನನಗೆ ಹೇಳಿದಳು: "ಅಕ್ಕಾ, ಮಾವನಿಗೆ ಮಾಡೋದನ್ನೇ ನಂಗೂ ಮಾಡ್ತಿದ್ದಾರೆ. ನಮ್ಮಿಬ್ಬರ ಮಾತನ್ನೂ ಬೇರೆಯವರೇ ಮುಗಿಸ್ತಾರೆ."

ತಿರುವು

ಮಾರ್ಚ್ ಕೊನೆಗೆ ಗಂಡ ಕೆಲಸದ ಮೇಲೆ ನಾಲ್ಕು ದಿನ ಬೇರೆ ಊರಿಗೆ ಹೋದ. ಅವತ್ತೇ ರಾತ್ರಿ ಆಕೆಗೆ ಹಲ್ಲು ನೋವು ಶುರುವಾಯಿತು. ಮೂರನೇ ದಿನ ನನಗೆ ಫೋನ್ ಬಂತು, ಬೇರೆ ಯಾವುದೋ ಫಾರಂ ವಿಷಯಕ್ಕೆ. ಮಾತು ತೊದಲುತ್ತಿತ್ತು. ಕೇಳಿದೆ. ಇವನು ನಾಳೆ ಬರುತ್ತಾನೆ, ಬಂದು ಡಾಕ್ಟರಿಗೆ ಫೋನ್ ಮಾಡುತ್ತಾನೆ ಎಂದಳು. ಮೂವತ್ತು ಮಕ್ಕಳ ಕ್ಲಾಸನ್ನು ಒಂದೇ ನೋಟದಲ್ಲಿ ಹಿಡಿದಿಡುತ್ತಿದ್ದವಳು ಒಂದು ಫೋನ್ ಕರೆಗಾಗಿ ಮೂರು ದಿನ ನೋವು ತಿಂದಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು.

ನಾನೇ ಫೋನ್ ಮಾಡಿಕೊಡಬಹುದಿತ್ತು, ಎರಡು ನಿಮಿಷದ ಕೆಲಸ. ಮಾಡಲಿಲ್ಲ. ರೈಲು ಹಿಡಿದು ಅವರ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ವಾಕ್ಯ ಬರೆದೆವು. ನಾನು ಹೊಸ ರೋಗಿ. ನನಗೆ ತುಂಬಾ ಹಲ್ಲು ನೋವಿದೆ. ನನಗೆ ಬೇಗ ಒಂದು ಸಮಯ ಕೊಡಿ. ದಯವಿಟ್ಟು ನಿಧಾನವಾಗಿ ಮಾತಾಡಿ. ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ. ಆಕೆ ನಂಬರ್ ಒತ್ತಿದಳು. ಆ ಕಡೆಯ ಹೆಂಗಸು ಬಿರುಸಾಗಿ ಸ್ವಾಬಿಯನ್‌ನಲ್ಲಿ ಏನೋ ಕೇಳಿದರು. ಆಕೆ ನನ್ನ ಮುಖ ನೋಡಿದಳು. ನಾನು ಹಾಳೆಯ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟೆ. "ಬಿಟ್ಟೆ, ಲಾಂಗ್‌ಸಾಮ್" ಅಂದಳು. ಆ ಹೆಂಗಸು ಒಂದು ಕ್ಷಣ ಸುಮ್ಮನಾಗಿ, ಮತ್ತೆ ಮೊದಲಿನಿಂದ, ಒಂದೊಂದೇ ಪದ ಬಿಡಿಸಿ ಕೇಳಿದರು. ಗುರುವಾರ, ಹತ್ತು ಇಪ್ಪತ್ತು. ಆಕೆ ಅದನ್ನು ಹಾಳೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದಳು, ಗಣಿತದ ಉತ್ತರದ ಕೆಳಗೆ ಎಳೆಯುವ ಹಾಗೆ.

ಗಂಡ ಬಂದ ಮೇಲೆ ಇಬ್ಬರಿಗೂ ದೊಡ್ಡ ಜಗಳವಾಯಿತು. "ನಂಗೆ ಯಾಕೆ ಹೇಳಲಿಲ್ಲ, ಅಲ್ಲಿಂದಲೇ ಫೋನ್ ಮಾಡ್ತಿದ್ದೆ" ಎಂದು ಆತನಿಗೆ ಸಂಕಟ. ಆಗ ಆಕೆ ತರಕಾರಿ ಗಾಡಿಯನ್ನು ನೆನಪಿಸಿದಳು. "ನಾನು ನಿನ್ನನ್ನ ಒಬ್ಬನ್ನೇ ಕಳಿಸಿದ್ದೆ. ನೀನು ನನ್ನನ್ನ ಕಳಿಸೋದೇ ಇಲ್ಲ." ಆತ ಬಹಳ ಹೊತ್ತು ಮಾತಾಡಲಿಲ್ಲವಂತೆ. ಹೆಂಡತಿ ತನಗಾಗಿ ಮನೆ, ಕೆಲಸ ಬಿಟ್ಟು ಬಂದಿದ್ದಾಳೆ, ಇನ್ನು ಒಂದು ಸಣ್ಣ ಕಷ್ಟವೂ ಆಗಬಾರದು ಎಂದು ಆತ ತನ್ನೊಳಗೇ ಶಪಥ ಮಾಡಿದ್ದ. ಆ ಶಪಥವೇ ಆಕೆಯನ್ನು ಮೂಲೆಗೆ ತಳ್ಳಿತ್ತು. ಎಷ್ಟು ಕಾಲಕ್ಕೆ ಬಂದಿದ್ದೇವೆ ಎಂಬ ಪ್ರಶ್ನೆಯೂ ಅದೇ ರಾತ್ರಿ ಮೊದಲ ಸಲ ಬಾಯಿಗೆ ಬಂತು. ಉತ್ತರ ಸಿಗಲಿಲ್ಲ. ಆದರೆ ಇಬ್ಬರ ಉತ್ತರ ಬೇರೆ ಬೇರೆ ಎಂದಾದರೂ ತಿಳಿಯಿತು.

ಮರುದಿನ ಮೊದಲ ಕೆಲಸ ಅಂಚೆ ಡಬ್ಬದ್ದು. ಹಿತ್ತಾಳೆ ಫಲಕದ ಕೆಳಗೆ ಆಕೆಯ ಅಪ್ಪನ ಹೆಸರನ್ನು ಟೇಪಿನ ಮೇಲೆ ಬರೆದು ಅಂಟಿಸಿದರು. ಅತ್ತೆ ಕಿಟಕಿಯಿಂದ ನೋಡಿ ಹೊರಗೆ ಬಂದರು, ಏನೂ ಹೇಳದೆ ಒಳಗೆ ಹೋದರು. ಆಕೆಗೆ ಹೆದರಿಕೆಯಾಯಿತು. ವಾರದ ಮೇಲೆ ನೋಡಿದರೆ ಟೇಪಿನ ಜಾಗದಲ್ಲಿ ಅಷ್ಟೇ ಅಗಲದ ಇನ್ನೊಂದು ಹಿತ್ತಾಳೆ ಫಲಕ. ಅತ್ತೆಯೇ ಹೇಳಿ ಮಾಡಿಸಿದ್ದರು.

ಅವತ್ತು ಆಕೆ ಅತ್ತೆಗೆ ಕರೆಯುವ ವಿಷಯ ಬಿಡಿಸಿ ಹೇಳಿದಳು. ನಮ್ಮಲ್ಲಿ ಹಿರಿಯರ ಹೆಸರು ಹೇಳುವುದಿಲ್ಲ, ಬೇಸರದಿಂದಲ್ಲ, ಗೌರವಕ್ಕೆ ಎಂದು. ಹಾಗಾದರೆ ಏನನ್ನುತ್ತೀರಿ ಎಂದು ಅವರು ಕೇಳಿದರು. "ಅತ್ತೆ." ಅವರ ಬಾಯಲ್ಲಿ ಅದು "ಅಟ್ಟೆ" ಆಯಿತು. ಈಗ ಮನೆಯಲ್ಲಿ ಎಲ್ಲರಿಗೂ ಅವರು ಅಟ್ಟೆಯೇ, ಮಾವನಿಗೂ.

ಆಮೇಲೆ ಏನಾಯಿತು

ಮನೆಯಲ್ಲಿ ಕೆಲವು ಒಪ್ಪಂದವಾದವು. ಆಕೆಯ ಹೆಸರಿಗೆ ಬಂದ ಪತ್ರವನ್ನು ಆಕೆಯೇ ಒಡೆಯುವುದು. ಓದಲು ಆಗದಿದ್ದರೆ ಆಕೆ ಕೇಳಿದಾಗ ಮಾತ್ರ ಆತ ಓದುವುದು. ಆಕೆಯ ಫೋನ್ ಆಕೆಯೇ ಮಾಡುವುದು, ಆತ ಪಕ್ಕದ ಕೋಣೆಯಲ್ಲಿ ಇರುವುದು. ಇದು ಆತನಿಗೇ ಜಾಸ್ತಿ ಕಷ್ಟವಾಯಿತು. ಹೆಂಡತಿ ತಡವರಿಸುವುದನ್ನು ಗೋಡೆಯಾಚೆ ಕೂತು ಕೇಳಿಸಿಕೊಳ್ಳುವುದು ಸುಲಭವಲ್ಲ. ಆಕೆಗೆ ಸ್ವಂತ ಬ್ಯಾಂಕ್ ಖಾತೆ ಆಯಿತು. ಪ್ರತಿ ತಿಂಗಳು ಆತನ ಸಂಬಳದಿಂದ ಗೊತ್ತಾದ ಮೊತ್ತ ಅದಕ್ಕೆ ತಾನಾಗಿ ಹೋಗುತ್ತದೆ, ಕೇಳಬೇಕಾಗಿಲ್ಲ. ಭಾರತದಲ್ಲಿ ಬಿಟ್ಟುಬಂದಿದ್ದ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಗೆ, ಅಂದರೆ ಹೊರದೇಶದಲ್ಲಿ ನೆಲೆಸಿದವರು ಭಾರತದಲ್ಲಿ ಇಟ್ಟುಕೊಳ್ಳುವ ಖಾತೆಗೆ, ಬದಲಿಸಿದ್ದೂ ಆಗಲೇ. ಹೊರಡುವಾಗ ಇದನ್ನು ಬಹಳ ಜನ ಮರೆಯುತ್ತಾರೆ.

ಏಪ್ರಿಲ್‌ನಲ್ಲಿ ಕೋರ್ಸು ಶುರುವಾಯಿತು, ಪಕ್ಕದ ದೊಡ್ಡ ಊರಿನಲ್ಲಿ. 2023ರ ಮೇ ಒಂದರಿಂದ 49 ಯೂರೋಗೆ ದೇಶದ ಎಲ್ಲ ಊರ ಬಸ್ಸು ಮತ್ತು ಸ್ಥಳೀಯ ರೈಲಿನ ತಿಂಗಳ ಪಾಸು ಬಂತು. ಆಕೆಗೆ ಅದು ರೆಕ್ಕೆ ಬಂದ ಹಾಗೆ. ಕಾರು ಓಡಿಸುವ ದಾರಿ ಆಗಲೇ ಮುಚ್ಚುತ್ತಿತ್ತು. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಬರಹದ ಮತ್ತು ಓಡಿಸುವ ಪರೀಕ್ಷೆ ಎರಡನ್ನೂ ಕೊಡಬೇಕು. ಕೋರ್ಸಿನಲ್ಲಿ ಯುಕ್ರೇನಿನ ಒಬ್ಬ ಗಣಿತ ಟೀಚರ್ ಸಿಕ್ಕಿದರು. ಇಬ್ಬರಿಗೂ ಸಾಮಾನ್ಯ ಭಾಷೆ ಇಲ್ಲ. ಊಟದ ಬಿಡುವಿನಲ್ಲಿ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿಕೊಳ್ಳುತ್ತಿದ್ದರು. ಜರ್ಮನ್‌ನಲ್ಲಿ ಆಕೆ ಮಾಡಿಕೊಂಡ ಮೊದಲ ಸ್ನೇಹ ಅದು.

ಈಗ ನನ್ನ ತಪ್ಪು ಸಲಹೆಯ ವಿಷಯ. ಜರ್ಮನಿಯಲ್ಲಿ ಶಿಕ್ಷಕ ವೃತ್ತಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಹೊರದೇಶದ ಪದವಿಗೆ ರಾಜ್ಯದ ಮಾನ್ಯತೆ ಬೇಕು. ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಜರ್ಮನ್ ಬಹಳ ಮೇಲಿನ ಮಟ್ಟದಲ್ಲಿರಬೇಕು. ಅದಕ್ಕೇ ನಾನು ಮೊದಲು ಭಾಷೆ ಎಂದಿದ್ದೆ. ಆಕೆ ಕೇಳಲಿಲ್ಲ. 2023ರ ನವೆಂಬರ್‌ನಲ್ಲಿ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಪರೀಕ್ಷೆಗೂ ಮೊದಲು, ಊರಿನ ಪ್ರಾಥಮಿಕ ಶಾಲೆಗೆ ತಾನೇ ಹೋಗಿ "ಹಿಂದೆ ಕೂತು ನೋಡಬಹುದಾ" ಎಂದು ಕೇಳಿದಳು. ಒಪ್ಪಿದರು. ಮಕ್ಕಳು ದೊಡ್ಡವರ ಹಾಗೆ ಇಂಗ್ಲಿಷಿಗೆ ಜಾರುವುದಿಲ್ಲ. ತಪ್ಪಾದರೆ ಅಲ್ಲೇ ತಿದ್ದುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಆಕೆಯ ಜರ್ಮನ್ ಓಡಲು ಶುರುವಾಗಿದ್ದು ಅಲ್ಲಿ. ಫೆಬ್ರವರಿಯಲ್ಲಿ ಬಿ1 ಪಾಸಾದಳು. ನನ್ನ ಮಾತು ಕೇಳಿದ್ದರೆ ಎರಡು ವರ್ಷ ಮನೆಯಲ್ಲೇ ಕೂತಿರುತ್ತಿದ್ದಳು. ಈಗ ಆ ಸಲಹೆಯನ್ನು ಯಾರಿಗೂ ಕೊಡುವುದಿಲ್ಲ.

ಇಡೀ ದಿನದ ಶಾಲೆಗಳಿಗೆ ಇಲ್ಲಿ ಜನ ಬೇಕಾಗಿದ್ದಾರೆ. 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ಅದು ಕಾನೂನಿನ ಹಕ್ಕು. ಹೀಗಾಗಿ 2024ರ ಸೆಪ್ಟೆಂಬರ್‌ನಿಂದ ಅದೇ ಶಾಲೆಯಲ್ಲಿ ಮಧ್ಯಾಹ್ನದ ಪಾಳಿಗೆ, ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಸಿಕ್ಕಿತು. ಪೊಲೀಸ್ ದಾಖಲೆ ಪ್ರಮಾಣಪತ್ರ, ದಡಾರದ ಲಸಿಕೆಯ ಪುರಾವೆ ಕೇಳಿದರು. ಚಿಕ್ಕಂದಿನ ಲಸಿಕೆ ಕಾರ್ಡು ಕಳೆದಿತ್ತು, ರಕ್ತ ಪರೀಕ್ಷೆ ಮಾಡಿಸಿ ತೋರಿಸಿದಳು. ಮಕ್ಕಳಿಗೆ ಲೆಕ್ಕದ ಹೋಂವರ್ಕ್ ಈಗ ಆಕೆಯದೇ. ಪದವಿಯ ಮಾನ್ಯತೆಗೆ ಹಾಕಿದ ಅರ್ಜಿಗೆ 2025ರಲ್ಲಿ ಉತ್ತರ ಬಂತು: ಗಣಿತ ಸಾಕು, ಎರಡನೇ ವಿಷಯ ಭೌತಶಾಸ್ತ್ರದಲ್ಲಿ ಕೊರತೆಯಿದೆ, ಹೆಚ್ಚಿನ ಓದು ಅಥವಾ ಪರೀಕ್ಷೆ ಬೇಕು. ಓದುತ್ತಿದ್ದಾಳೆ. ಸಂಬಳ ಬೆಂಗಳೂರಿನಲ್ಲಿ ಆಕೆಗಿದ್ದ ಸ್ಥಾನಕ್ಕೆ ತಕ್ಕದ್ದಲ್ಲ. ಆ ನೋವು ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ಇದೇ ದಾರಿಯಲ್ಲಿರುವವರಿಗೆ

ಈ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಆರಿಸಿಕೊಂಡೆ. ಒಳ್ಳೆಯ ಗಂಡ, ಒಳ್ಳೆಯ ಅತ್ತೆ, ಆದರೂ ಆರು ತಿಂಗಳಲ್ಲಿ ಒಬ್ಬ ಗಟ್ಟಿ ಹೆಂಗಸು ಬಾಗಿಲ ಬೆಲ್ಲಿಗೆ ಹೆದರುವಂತಾದಳು. ಸಂಗಾತಿಯ ದೇಶದಲ್ಲಿ ಎಲ್ಲ ದಾರಿಯೂ ಒಬ್ಬರ ಮೂಲಕ ಹೋದರೆ ಆ ಒಬ್ಬರು ಎಷ್ಟೇ ಒಳ್ಳೆಯವರಾದರೂ ಉಸಿರು ಕಟ್ಟುತ್ತದೆ. ಹೋಗುವ ಮೊದಲೇ ಇಬ್ಬರೂ ಕೂತು, ಹೋದ ಮೊದಲ ತಿಂಗಳಲ್ಲಿ ಬಂದವರ ಹೆಸರಿನಲ್ಲೇ ಏನೇನು ಆಗಬೇಕು ಎಂದು ಬರೆದುಕೊಳ್ಳಿ. ಖಾತೆ, ಡಾಕ್ಟರು, ಫೋನ್ ನಂಬರು, ಬಸ್ ಪಾಸು, ಡಬ್ಬದ ಮೇಲೆ ಹೆಸರು. ನೆರವು ಯಾವಾಗ ನಿಲ್ಲಬೇಕು ಎಂಬುದನ್ನೂ ಮಾತಾಡಿ.

ಎಲ್ಲ ಮನೆಗಳೂ ಹೀಗಿರುವುದಿಲ್ಲ. ಜರ್ಮನಿಯಲ್ಲಿ ಮೊದಲ ಮೂರು ವರ್ಷ ವಾಸದ ಹಕ್ಕು ಮದುವೆಯ ಮೇಲೆ ನಿಂತಿರುತ್ತದೆ. ಅದನ್ನೇ ತೋರಿಸಿ ಹೆದರಿಸುವವರನ್ನೂ ನಾನು ಕಂಡಿದ್ದೇನೆ. ಹಿಂಸೆ ಇದ್ದರೆ ಮೂರು ವರ್ಷ ಆಗದಿದ್ದರೂ ಕಾನೂನಿನಲ್ಲಿ ದಾರಿಯಿದೆ. 116016 ಹಿಂಸೆಗೆ ಒಳಗಾದ ಹೆಂಗಸರಿಗಾಗಿಯೇ ಇರುವ ಉಚಿತ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಹೆಸರು ಹೇಳಬೇಕಾಗಿಲ್ಲ. ಇಲ್ಲಿಗೆ ಬರುವ ಪ್ರತಿ ಹೆಣ್ಣುಮಗಳ ಫೋನಿನಲ್ಲಿ ಆ ನಂಬರ್ ಇರಲಿ.

2026ರ ಫೆಬ್ರವರಿಗೆ ಆಕೆಯ ಪರವಾನಗಿಗೆ ಮೂರು ವರ್ಷ, ಅಲ್ಲಿಂದ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಪೌರತ್ವದ ಬಗ್ಗೆ ತೀರ್ಮಾನ ಮಾಡಿಲ್ಲ. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ತೆಗೆದುಕೊಂಡ ದಿನ ಭಾರತದ್ದು ಹೋಗುತ್ತದೆ.

ಎಷ್ಟು ಕಾಲಕ್ಕೆ ಎಂಬ ಪ್ರಶ್ನೆಗೆ ಈಗ ಒಂದು ಹಾಳೆ ಇದೆ. ಎರಡು ವರ್ಷಕ್ಕೊಮ್ಮೆ ಕೂತು ಮಾತಾಡುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದ್ದಾರೆ, ಅಡುಗೆಮನೆಯ ಬೀರುವಿನ ಒಳಬದಿಗೆ ಅಂಟಿಸಿದ್ದಾರೆ. ಹಲ್ಲು ನೋವಿನ ಹಾಳೆಯೂ ಅದರ ಪಕ್ಕದಲ್ಲೇ ಇದೆ. ಮಾವ ಈಗ ಸಣ್ಣ ಸಣ್ಣ ವಾಕ್ಯ ಆಡುತ್ತಾರೆ. ಮೊನ್ನೆ ಹೋದಾಗ ನೋಡಿದೆ, ಇಬ್ಬರೂ ಸಹಿ ಹಾಕಿದ ಹಾಳೆಯಲ್ಲಿ ಹೊಸದೊಂದು ಸಾಲು ಸೇರಿದೆ, ಗಂಡನ ಕೈಬರಹದಲ್ಲಿ: "ಊರಿನಲ್ಲಿ ಅಮ್ಮನಿಗೆ ಹುಷಾರು ತಪ್ಪಿದರೆ?" ಎದುರಿನ ಜಾಗ ಖಾಲಿಯಿದೆ. ಬೇಸಿಗೆ ರಜೆಯಲ್ಲಿ ಆಕೆಯ ಅಮ್ಮ ಮೂರು ತಿಂಗಳಿಗೆ ಇಲ್ಲಿಗೆ ಬರುತ್ತಾರೆ. ಅವರನ್ನೂ ಕೂರಿಸಿಕೊಂಡೇ ಅದನ್ನು ತುಂಬುವುದು ಎಂದುಕೊಂಡಿದ್ದಾರೆ.